ಸೆಕೆಂಡಿಗೆ ಇನ್ನೂರು ಸಲ ವಚನ ಸಾಹಿತ್ಯ

ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿಯಿಂದಲೇ ಲೆಕ್ಕ ಶುರು ಮಾಡೋಣ. ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಅಚ್ಚು ಹಾಕಿಸಿದ ವಚನಗಳು ಇಪ್ಪತ್ತು ಸಾವಿರದ ಆಸುಪಾಸು. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಒಂದೊಂದು ಚಿಹ್ನೆಗೂ 3 ಬೈಟ್ ಜಾಗ ಬೇಕು. ವಚನವೊಂದಕ್ಕೆ ಸರಾಸರಿ 1,500 ಬೈಟ್ ಎಂದು ಹಿಡಿದರೂ ಎಲ್ಲ ಸೇರಿ 3 ಕೋಟಿ ಬೈಟ್. 1997ರ ಸುಮಾರಿಗೆ ಮಾರುಕಟ್ಟೆಗೆ ಬಂದ, ಡೇಟಾ ಸೆಂಟರುಗಳಲ್ಲಿ ಬಳಸುವ ಫೈಬರ್ ಚಾನೆಲ್ ಸ್ವಿಚ್ಚಿನ ಒಂದೇ ಪೋರ್ಟ್ ಸೆಕೆಂಡಿಗೆ 10 ಕೋಟಿ ಬೈಟ್ ದಾಟಿಸುತ್ತಿತ್ತು. ಈಗಿನ 64 ಗಿಗಾಬಿಟ್ ಪೋರ್ಟ್ ದಾಟಿಸುವುದು 640 ಕೋಟಿ. ಅಂದರೆ ಇಡೀ ವಚನ ಸಾಹಿತ್ಯ, ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ!

ಸಿಂದಗಿಯ ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಆ ಲೆಕ್ಕ ಇರುವುದು ಸಿಂದಗಿಯಲ್ಲಲ್ಲ, ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿ. ಅಂಥ ಕಡೆ ಸರ್ವರುಗಳನ್ನೂ ಡಿಸ್ಕುಗಳನ್ನೂ ಬೆಸೆಯುವ ಪೆಟ್ಟಿಗೆಗಳೇ ಈ ಸ್ವಿಚ್‌ಗಳು. ಇವನ್ನು ಮಾಡಲೆಂದು 1995ರಲ್ಲಿ ಹುಟ್ಟಿದ ಬ್ರೋಕೇಡ್ ಕಂಪನಿಯ ಸಹಸ್ಥಾಪಕರಲ್ಲೊಬ್ಬರು ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಮಳವಳ್ಳಿ.

ಆಮೇಲಿನದು ನುಂಗಾಟದ ಕತೆ. 2003ರಲ್ಲಿ ಇದೇ ಕಸುಬಿನ ಇನ್‌ರೇಂಜ್ ಕಂಪನಿಯನ್ನು ಸಿಎನ್‌ಟಿ ಕೊಂಡಿತು. 2005ರಲ್ಲಿ ಸಿಎನ್‌ಟಿಯನ್ನು ಮೆಕ್‌ಡೇಟಾ, 2007ರಲ್ಲಿ ಮೆಕ್‌ಡೇಟಾವನ್ನು ಬ್ರೋಕೇಡ್ ಕೊಂಡವು. 2017ರಲ್ಲಿ ಬ್ರೋಕೇಡ್ ತಾನೇ ಬ್ರಾಡ್‌ಕಾಮ್ ಪಾಲಾಯಿತು. ಆ ಬ್ರಾಡ್‌ಕಾಮ್ ಕೂಡ ಅಸಲಿಗೆ ಅವಾಗೊ ಎಂಬ ಕಂಪನಿ. 2016ರಲ್ಲಿ 37 ಶತಕೋಟಿ ಡಾಲರ್‌ಗೆ ಬ್ರಾಡ್‌ಕಾಮನ್ನು ಕೊಂಡು, ತಾನು ಕೊಂಡ ಕಂಪನಿಯ ಹೆಸರನ್ನೇ ಇಟ್ಟುಕೊಂಡಿತು. ಮಾವನ ಮನೆಯ ಅಡ್ಡಹೆಸರು ಹಚ್ಚಿಕೊಂಡ ಅಳಿಯನ ಹಾಗೆ.

ಬ್ರೋಕೇಡ್‌ಗೆ ತೆತ್ತ ಬೆಲೆ ಐದೂವರೆ ಶತಕೋಟಿ ಡಾಲರ್. ಆಗಿನ ದರದಲ್ಲಿ ಸುಮಾರು 35,700 ಕೋಟಿ ರೂಪಾಯಿ. ಅದೇ ವರ್ಷ ಕರ್ನಾಟಕದ ಇಡೀ ಬಜೆಟ್ 1.86 ಲಕ್ಷ ಕೋಟಿ. ಅದರ ಐದನೇ ಒಂದು ಭಾಗ ಒಂದೇ ಕಂಪನಿಗೆ! 2011ರ ಜನಗಣತಿಯ ಪ್ರಕಾರ ಈ ಬಾಗೇವಾಡಿ, ಸಿಂದಗಿಗಳಿರುವ ವಿಜಯಪುರ ಜಿಲ್ಲೆಯಲ್ಲಿದ್ದವರು 21.77 ಲಕ್ಷ ಜನ. ಇಂಡಿಯ ಲಿಂಬೆ ತೋಟದವರು, ಮುದ್ದೇಬಿಹಾಳದ ಸಂತೆಗೆ ಬಂದವರು, ತೊಟ್ಟಿಲಲ್ಲಿರುವ ಕೂಸು, ಯಾರನ್ನೂ ಬಿಡದೆ ಬ್ರೋಕೇಡ್‌ನ ಆ ಬೆಲೆಯನ್ನು ಹಂಚಿದರೂ ತಲೆಗೆ 1.64 ಲಕ್ಷ ರೂಪಾಯಿ ಬರುತ್ತದೆ.

ಇಷ್ಟೆಲ್ಲ ಕೊಟ್ಟು ಕೊಂಡ ಮೇಲೆ ಈ ಕಣದಲ್ಲಿ ಉಳಿದವರೆಷ್ಟು? ಫೈಬರ್ ಚಾನೆಲ್ ಸ್ವಿಚ್ ಮಾಡುವ ದೊಡ್ಡವರು ಇಬ್ಬರೇ: ಬ್ರಾಡ್‌ಕಾಮ್ ಮತ್ತು ಸಿಸ್ಕೊ. ಸರ್ವರಿನೊಳಗೆ ಕೂರುವ ಅಡಾಪ್ಟರ್ ಕಾರ್ಡಿನಲ್ಲೂ ಇಬ್ಬರು. ಎಮ್ಯುಲೆಕ್ಸ್ ಕಂಪನಿಯನ್ನು ಕೈವಶ ಮಾಡಿಕೊಂಡಿರುವ ಬ್ರಾಡ್‌ಕಾಮ್ ಒಬ್ಬರು, ಕ್ಯೂಲಾಜಿಕ್ ಕಂಪನಿಯನ್ನು ಕೈವಶ ಮಾಡಿಕೊಂಡಿರುವ ಮಾರ್ವೆಲ್ ಇನ್ನೊಬ್ಬರು.

ಸೋಜಿಗವೆಂದರೆ, ಸಿಸ್ಕೊ ಸ್ವಿಚ್ಚಿನೊಳಗಿನ ಚಿಪ್ ಪೂರೈಸುತ್ತಿದ್ದುದೂ ಬ್ರಾಡ್‌ಕಾಮೇ. ಹಾಗಾಗಿ 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಬ್ರೋಕೇಡ್ ಖರೀದಿಗೆ ಒಪ್ಪಿಗೆ ಕೊಡುವ ಮುನ್ನ ಒಂದು ಷರತ್ತು ಹಾಕಿತು: ಸಿಸ್ಕೊಗೆ ಚಿಪ್ ಮಾಡಿಕೊಡುವಾಗ ತಿಳಿಯುವ ಗುಟ್ಟು, ಅದೇ ಕಂಪನಿಯ ಬ್ರೋಕೇಡ್ ವಿಭಾಗದವರ ಕಿವಿಗೆ ಬೀಳಕೂಡದು.