ಕಬ್ಬಿಣದ ಮಾತ್ರೆ: ಹೆದರಿಕೆ ಬೇಡ, ಎಚ್ಚರ ಇರಲಿ

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಎಂದರೆ ಹಲವು ಮಕ್ಕಳಿಗೆ ಅಷ್ಟಕ್ಕಷ್ಟೆ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಬಾಯಿ ಒಂದು ಥರಾ ಆಗುತ್ತದೆ, ಮರುದಿನ ಮಲ ಕಪ್ಪಗಾಗುತ್ತದೆ ಎಂಬ ದೂರು. ಟೀಚರ ಕಣ್ಣು ತಪ್ಪಿಸಿ ಕಿಟಕಿಯಾಚೆ ಎಸೆಯುವವರಿದ್ದಾರೆ. ‘ಅದು ಉಷ್ಣ, ಬೇಡ ಬಿಡು’ ಎನ್ನುವ ತಾಯಂದಿರೂ ಇದ್ದಾರೆ. ಈ ದೂರುಗಳಲ್ಲಿ ನಿಜವೆಷ್ಟು, ಹೆದರಬೇಕಾದದ್ದು ಯಾವುದಕ್ಕೆ?

ಮಾತ್ರೆ ಏಕೆ ಬೇಕು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲೂ ನೂರಕ್ಕೆ 31 ಮಂದಿಗಿದೆ. ಬೆಳೆಯುವ ವಯಸ್ಸಿನಲ್ಲಿ ರಕ್ತ ವೃದ್ಧಿಗೆ ಕಬ್ಬಿಣ ಹೆಚ್ಚು ಬೇಕು. ಹುಡುಗಿಯರಲ್ಲಿ ಮುಟ್ಟಿನ ಮೂಲಕ ನಷ್ಟವೂ ಆಗುತ್ತದೆ. ಕೊರತೆಯಾದರೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಓದಿನಲ್ಲಿ ಗಮನ ನಿಲ್ಲದಿರುವುದು. ಮಗಳು ಸೋಮಾರಿ ಎಂದು ಬೈಯುವ ಮೊದಲು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

2018ರಲ್ಲಿ ಆರಂಭವಾದ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮದಂತೆ 10ರಿಂದ 19 ವರ್ಷದವರ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ.

ತೊಂದರೆ ಬರುವುದು ಹೇಗೆ?

ನುಂಗಿದ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ ಪಾಲು ಮಾತ್ರ. ಉಳಿದದ್ದು ಜಠರ, ಕರುಳಿನ ಒಳಪೊರೆಯನ್ನು ಕೆಣಕುತ್ತದೆ. ವಾಕರಿಕೆ, ಹೊಟ್ಟೆನೋವು, ಮಲಬದ್ಧತೆ, ಕೆಲವರಲ್ಲಿ ಭೇದಿ ಆಗುವುದು ಇದರಿಂದಲೇ ಹೊರತು ‘ಉಷ್ಣ’ದಿಂದಲ್ಲ. ಮಲ ಕಪ್ಪಾಗುವುದೂ ಈ ಉಳಿದ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ.

ಆದರೆ ಮಲ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಅಥವಾ ತೀವ್ರ ಹೊಟ್ಟೆನೋವಿದ್ದರೆ ಮಾತ್ರೆಯದೇ ಎಂದು ಸುಮ್ಮನಿರದೆ ಕೂಡಲೇ ವೈದ್ಯರನ್ನು ಕಾಣಬೇಕು.

ತಗ್ಗಿಸುವ ದಾರಿ

ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಬೇಡಿ. ಊಟವಾದ ಮೇಲೆ, ಒಂದು ಲೋಟ ನೀರಿನೊಂದಿಗೆ ಇಡಿಯಾಗಿ ನುಂಗಿ. ತಕ್ಷಣ ಮಲಗಬೇಡಿ; ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗಬಹುದು. ಕಾಫಿ, ಚಹಾ, ಹಾಲು ಕಬ್ಬಿಣವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಇವುಗಳಿಗೆ ಮೊದಲೂ ಆಮೇಲೂ ಒಂದೆರಡು ಗಂಟೆ ಬಿಡುವಿರಲಿ. ಊಟದ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಮಲಬದ್ಧತೆಗೆ ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ದ್ರವರೂಪದ ಔಷಧಿಯಾದರೆ ಹಲ್ಲಿಗೆ ಕಲೆ ಹಿಡಿಯುತ್ತದೆ. ಕುಡಿದ ಮೇಲೆ ಬಾಯಿ ಮುಕ್ಕಳಿಸಬೇಕು.

ರಕ್ತಹೀನತೆಗೆಂದು ವೈದ್ಯರು ದಿನವೂ ಮಾತ್ರೆ ಬರೆದುಕೊಟ್ಟು, ಅದು ಒಗ್ಗದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಪ್ರಮಾಣ ತಗ್ಗಿಸಲು ಅಥವಾ ಬೇರೆ ಬಗೆಯ ಮಾತ್ರೆ ಕೊಡಲು ಸಾಧ್ಯವಿದೆ. ಕಬ್ಬಿಣ ನುಂಗಿದ ಮೇಲೆ ಸುಮಾರು ಒಂದು ದಿನ ದೇಹದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಿ, ಮುಂದಿನ ಮಾತ್ರೆಯ ಕಬ್ಬಿಣ ಸೇರುವುದನ್ನು ತಡೆಯುತ್ತದೆ. ಕಬ್ಬಿಣದ ಕೊರತೆಯಿದ್ದ ಯುವತಿಯರಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಹೆಚ್ಚು ಪಾಲು ರಕ್ತಕ್ಕೆ ಸೇರಿದ್ದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಈ ಕ್ರಮ ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು.

ಥಲಸ್ಸೀಮಿಯಾ ಇರುವವರು, ಪದೇ ಪದೇ ರಕ್ತ ಹಾಕಿಸಿಕೊಳ್ಳುವವರು ವೈದ್ಯರನ್ನು ಕೇಳದೆ ಕಬ್ಬಿಣ ನುಂಗಬಾರದು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು.

ನಿಜವಾದ ಅಪಾಯ

ಎಲ್ಲಕ್ಕಿಂತ ಹೆದರಬೇಕಾದದ್ದು ಮನೆಯಲ್ಲಿ ಬಿದ್ದಿರುವ ಮಾತ್ರೆಗಳಿಗೆ. ಪುಟ್ಟ ಮಕ್ಕಳು ಪೆಪ್ಪರಮಿಂಟೆಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ 60 ಮಿಲಿಗ್ರಾಂ ಕಬ್ಬಿಣ ಒಳಹೋದರೆ ಪ್ರಾಣಕ್ಕೇ ಸಂಚಕಾರ. ಎಂದರೆ 10 ಕಿಲೋ ತೂಕದ ಮಗುವಿಗೆ ಹತ್ತು ನೀಲಿ ಮಾತ್ರೆ ಸಾಕು; ಅದಕ್ಕಿಂತ ಕಡಿಮೆಯಾದರೂ ವಾಂತಿ, ಭೇದಿ ತಪ್ಪದು. ಮಗು ನುಂಗಿತೆಂದು ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಲಕ್ಷಣಗಳಿಗೆ ಕಾಯದೆ, ಖಾಲಿ ಪಟ್ಟಿಯ ಸಮೇತ ಆಸ್ಪತ್ರೆಗೆ ಧಾವಿಸಿ.

ಈ ವಾರ ತಪ್ಪಿತೆಂದು ಮುಂದಿನ ವಾರ ಎರಡು ನುಂಗುವುದೂ ಬೇಡ. ಶಾಲೆಯ ಮಾತ್ರೆಯನ್ನು ಊಟವಾದ ಮೇಲೆ ಶಾಲೆಯಲ್ಲೇ ನುಂಗಲಿ. ಮನೆಯಲ್ಲಿರುವುದನ್ನು ಚಿಕ್ಕವರ ಕೈಗೆಟುಕದ ಬೀರುವಿನಲ್ಲಿಟ್ಟು ಬೀಗ ಹಾಕಿ.