ಕೆಸರು ಬರೆದಿಟ್ಟ ನಡಿಗೆ

ಹಿಂಗಾರು ನಿಂತು ಕೆರೆಯ ನೀರು ಒಳಕ್ಕೆ ಸರಿಯತೊಡಗಿದಾಗ ದಂಡೆಯ ಕೆಸರು ಹೆಜ್ಜೆ ಹಿಡಿಯಲು ಹದವಾಗಿರುತ್ತದೆ. ನೀರು ಹೆಚ್ಚಿದ್ದಲ್ಲಿ ಅಚ್ಚು ಕುಸಿಯುತ್ತದೆ, ಒಣಗಿದಲ್ಲಿ ಮೂಡುವುದೇ ಇಲ್ಲ. ಬೆಳಗಿನ ಓರೆ ಬಿಸಿಲಿಗೆ ಅಚ್ಚಿನ ಅಂಚು ನೆರಳು ಚೆಲ್ಲುವ ಹೊತ್ತೇ ಓದಲು ಒಳ್ಳೆಯದು. ಟಿಟ್ಟಿಭದ ಮೂರು ಮುಂಬೆರಳು, ಹಿಂಬೆರಳೂ ಚೆನ್ನಾಗಿ ಊರಿದ ಬೆಳ್ಳಕ್ಕಿಯ ಉದ್ದನೆಯ ಪಾದ, ಎಮ್ಮೆಯ ಸೀಳುಗೊರಸು. ಇವುಗಳ ನಡುವೆ ನನ್ನ ಬರಿಗಾಲಿನ ಸಾಲೂ ಇದೆ. ಈಗ ನಾನು ಗಮನವಿಟ್ಟು ನೋಡುತ್ತಿರುವುದು ಅದನ್ನೇ.

ಮಳೆಗಾಲದಲ್ಲಿ ಎಡಗಾಲಿನ ಹರಡು ಉಳುಕಿತ್ತು. ಊತ ಇಳಿದು ನೋವೂ ಹೋಯಿತು. ಆಮೇಲೆ ಬೇರೆ ಎರಡು ನೋವು ಹುಟ್ಟಿಕೊಂಡವು. ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ ಬಲ ಹಿಮ್ಮಡಿಯಲ್ಲಿ ಚುಚ್ಚು. ಸಂಜೆಯಾಗುತ್ತಲೇ ಎಡ ಅಂಗಾಲಿನಲ್ಲಿ, ಬೆರಳುಗಳ ಬುಡದಲ್ಲಿ ಉರಿ.

ಎರಡಕ್ಕೂ ಕಾರಣ ಕೆಸರಿನಲ್ಲಿ ಕಾಣುತ್ತದೆ. ಎಡಪಾದದ ಅಚ್ಚು ಹೊರಕ್ಕೆ ತಿರುಗಿದೆ. ಹಿಮ್ಮಡಿಯ ಗುರುತು ಮಸುಕು, ಬೆರಳ ಬುಡದಲ್ಲಿ ಗುಳಿ. ಬಲಪಾದದ ಹಿಮ್ಮಡಿ ಮಾತ್ರ ಆಳಕ್ಕೆ ಇಳಿದಿದೆ. ಎಡದಿಂದ ಬಲಕ್ಕೆ ಹಾಕಿದ ಹೆಜ್ಜೆ ಗಿಡ್ಡ, ಬಲದಿಂದ ಎಡಕ್ಕೆ ಉದ್ದ. ಒಮ್ಮೆ ನೊಂದ ಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಲು ದೇಹ ಒಪ್ಪುವುದಿಲ್ಲ. ಹಾಗಾಗಿ ಬಲಗಾಲು ಅವಸರದಿಂದ ಬಂದು ನೆಲಕ್ಕೆ ಬೀಳುತ್ತದೆ, ಹೆಚ್ಚು ಹೊತ್ತು ಭಾರ ಹೊರುತ್ತದೆ. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನ ಕಮಾನನ್ನು ಬಿಗಿದು ಹಿಡಿದ ದಪ್ಪ ಪಟ್ಟಿಯೊಂದಿದೆ, ಪ್ಲಾಂಟಾರ್ ಫೇಶಿಯಾ. ಮಿತಿಮೀರಿದ ಭಾರಕ್ಕೆ ಅದು ಹಿಮ್ಮಡಿಯ ಬಳಿ ನೋಯುತ್ತದೆ. ಎಡಗಾಲಿನ ಕಥೆ ಬೇರೆ. ಉಳುಕಿದ ಕೀಲು ಪೆಡಸಾಗಿ, ಮೊಣಕಾಲು ಪಾದದ ಮುಂದಕ್ಕೆ ಬಾಗಲು ಬಿಡುವುದಿಲ್ಲ. ಹಿಮ್ಮಡಿ ಬೇಗ ಎದ್ದುಬಿಡುತ್ತದೆ, ಭಾರವೆಲ್ಲ ಬೆರಳ ಬುಡಕ್ಕೆ ಬೀಳುತ್ತದೆ.

ನೀರಿಗೆ ಬರುವ ದನಗಳಲ್ಲೊಂದು ಹಿಂಗಾಲು ಕುಂಟುತ್ತದೆ. ಬೆನ್ನು ಬಿಲ್ಲಾಗಿ, ಹೆಜ್ಜೆ ಕಿರಿದಾಗಿದೆ. ದನಗಳ ಗೊರಸಿನ ನೋವು ಹೆಚ್ಚಾಗಿ ಹಿಂಗಾಲಿನ ಹೊರಗೊರಸಿನಲ್ಲೇ ಇರುತ್ತದೆ. ಏರಿಯ ಮೇಲಿನ ನಾಯಿ ನೊಂದ ಮುಂಗಾಲು ಊರುವಾಗಲೆಲ್ಲ ತಲೆ ಮೇಲೆತ್ತುತ್ತದೆ. ಕುಂಟು ಎಂದರೆ ಭಾರವನ್ನು ಬೇರೆಡೆಗೆ ದಾಟಿಸುವುದು. ದಾಟಿಸಿದ ಭಾರವನ್ನು ಇನ್ನೊಂದು ಅಂಗ ಹೊರಲೇಬೇಕು. ಅಮೆರಿಕದ ಪಂದ್ಯದ ಕುದುರೆ ಬಾರ್ಬರೊ 2006ರ ಮೇ ತಿಂಗಳಲ್ಲಿ ಬಾಲ್ಟಿಮೋರ್‌ನ ಓಟದಲ್ಲಿ ಬಲ ಹಿಂಗಾಲಿನ ಮೂಳೆ ಮುರಿದುಕೊಂಡಿತು. ಶಸ್ತ್ರಚಿಕಿತ್ಸೆಯಾಗಿ ಮೂಳೆ ಕೂಡುತ್ತಿದ್ದಾಗಲೇ, ಭಾರ ಹೊತ್ತ ಎಡ ಹಿಂಗಾಲಿನ ಗೊರಸು ಒಳಗಿನಿಂದ ಬಿಟ್ಟುಕೊಂಡಿತು. ಕೊನೆಗೆ ಮುಂಗಾಲುಗಳೂ ಸೋತವು. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಕುದುರೆ ದಿನಗಟ್ಟಲೆ ಮಲಗಿರಲಾರದು. ಮನುಷ್ಯನಿಗೆ ಮಲಗುವ, ಕೋಲು ಹಿಡಿಯುವ, ನಡಿಗೆಯನ್ನು ಮತ್ತೆ ಕಲಿಯುವ ಅವಕಾಶವಿದೆ.

ಫಿಸಿಯೊಥೆರಪಿಸ್ಟ್ ಮೊದಲು ನನ್ನ ನಡಿಗೆಯನ್ನೇ ನೋಡಿದರು. ಊರುಗೋಲು ಬಲಗೈಯಲ್ಲಿರಬೇಕು ಎಂದರು, ನೊಂದ ಕಾಲಿನ ಎದುರು ಬದಿಗೆ. ಕೋಲೂ ಎಡಗಾಲೂ ಒಟ್ಟಿಗೆ ಮುಂದೆ ಹೋಗಬೇಕು. ಗೋಡೆಗೆ ಕೈಯೂರಿ ಮೀನಖಂಡ ಎಳೆಯುವ ವ್ಯಾಯಾಮವನ್ನು ಮೊಣಕಾಲು ನೆಟ್ಟಗಿಟ್ಟು ಒಂದು ಸಲ, ಬಾಗಿಸಿ ಇನ್ನೊಂದು ಸಲ ಮಾಡಬೇಕು, ಏಕೆಂದರೆ ಅಲ್ಲಿರುವುದು ಎರಡು ಬೇರೆ ಸ್ನಾಯುಗಳು. ಹಿಮ್ಮಡಿ ನೆಲ ಬಿಡದಂತೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಎರಡೂ ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸಬೇಕು. ಒಂಟಿಕಾಲಿನಲ್ಲಿ ನಿಲ್ಲುವುದನ್ನು ರೂಢಿಸಬೇಕು. ಮನೆಯೊಳಗೂ ಹಿಮ್ಮಡಿಗೆ ಆಸರೆಯಿರುವ ಪಾದರಕ್ಷೆ ಬೇಕು, ಸವೆದ ಹವಾಯಿ ಚಪ್ಪಲಿ ಬೇಡ. ನಡೆಯುವಾಗ ಹೆಜ್ಜೆ ಗಿಡ್ಡವಾದರೂ ಎರಡೂ ಒಂದೇ ಅಳತೆಯಲ್ಲಿರಬೇಕು. ಕುಂಟು ಮರಳಿ ಬಂದ ಜಾಗದಲ್ಲೇ ಆ ದಿನದ ನಡಿಗೆ ನಿಲ್ಲಿಸಬೇಕು.

ಎಲ್ಲ ನೋವೂ ಹೀಗೆ ಇಳಿಯುತ್ತದೆಂದು ಕಾಯುತ್ತ ಕೂರಬಾರದು. ಮೂಳೆಯ ಒಂದೇ ಬಿಂದುವಿನಲ್ಲಿ ದಿನೇ ದಿನೇ ಹೆಚ್ಚುವ ನೋವು, ಇಳಿಯದ ಊತ, ಜೋಮು ಇವು ಕಂಡರೆ ವೈದ್ಯರ ಬಳಿ ಹೋಗಲೇಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವೇ ತಿಳಿಯದಿರಬಹುದು. ಅವರು ಅಂಗಾಲನ್ನು ದಿನವೂ ಕಣ್ಣಾರೆ ನೋಡಿಕೊಳ್ಳಬೇಕು, ಬರಿಗಾಲಲ್ಲಿ ಕೆಸರಿಗೆ ಇಳಿಯಲೇಬಾರದು.

ಈಗೀಗ ಎಡ ಹಿಮ್ಮಡಿಯ ಅಚ್ಚು ಸ್ವಲ್ಪ ಸ್ಪಷ್ಟವಾಗಿ ಮೂಡುತ್ತಿದೆ. ಬಲ ಹಿಮ್ಮಡಿಯ ಬೆಳಗಿನ ಚುಚ್ಚು ಕಡಿಮೆಯಾಗಿದೆ. ಎಡ ಬೆರಳ ಬುಡದ ಉರಿ ಇನ್ನೂ ಇದೆ, ಪಾದವೂ ಇನ್ನೂ ತುಸು ಹೊರಕ್ಕೇ ತಿರುಗುತ್ತದೆ. ನೋವು ಎಲ್ಲಿದೆ ಎಂದು ಒತ್ತಿ ನೋಡುವುದಷ್ಟೇ ಸಾಲದು, ಆ ಭಾರ ಅಲ್ಲಿಗೆ ಯಾವ ದಾರಿಯಲ್ಲಿ ಬಂತು ಎಂದು ಹಿಂದಕ್ಕೆ ಹುಡುಕಬೇಕು. ಉಳುಕು ವಾಸಿಯಾದ ಮೇಲೂ ಕುಂಟು ಅಭ್ಯಾಸವಾಗಿ ಉಳಿದುಬಿಡಬಹುದು. ಅದನ್ನು ಬಿಡಿಸುವವರೆಗೂ ಗಾಯದ ಆರೈಕೆ ಮುಗಿದಿಲ್ಲ.