‘ಬಾರದ’ ಎಂಬ ವಿಶೇಷಣ

ನಾಮಪದದ ಮುಂದೆ ನಿಂತು ಅದರ ಗುಣ, ಸಂಖ್ಯೆ, ಸ್ಥಿತಿಗಳನ್ನು ತಿಳಿಸುವ ಪದವನ್ನು ವಿಶೇಷಣವೆನ್ನುತ್ತೇವೆ. ಅದು ಯಾವುದನ್ನು ಬಣ್ಣಿಸುತ್ತದೆಯೋ ಅದು ವಿಶೇಷ್ಯ. ತರಗತಿಯಲ್ಲಿ ಇಷ್ಟನ್ನು ಹೇಳಿ ಮುಗಿಸಲು ಕಾಲುಗಂಟೆ ಸಾಕು. ಆದರೆ ಈ ಪಾಠವನ್ನು ನಾನು ಸರಿಯಾಗಿ ಕಲಿತದ್ದು ಹಲವು ವರ್ಷ ಅದನ್ನು ಕಲಿಸಿದ ಮೇಲೆ.

ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸಬೇಕು. ಕನ್ನಡದ ವಿಶೇಷಣಕ್ಕೆ ಆ ಕಟ್ಟಿಲ್ಲ. ದೊಡ್ಡ ಮರ, ದೊಡ್ಡ ಮರಗಳು, ದೊಡ್ಡ ಮರದಲ್ಲಿ; ನಾಮಪದ ಎಷ್ಟು ವೇಷ ಬದಲಿಸಿದರೂ ‘ದೊಡ್ಡ’ ಇದ್ದಂತೆಯೇ ಇರುತ್ತದೆ. ವಿಶೇಷ್ಯವು ಮರೆಯಾದಾಗ ಮಾತ್ರ ಅದರ ಹೊಣೆಯನ್ನು ತಾನೇ ಹೊತ್ತು ದೊಡ್ಡವನು, ದೊಡ್ಡವಳು, ದೊಡ್ಡದು ಎಂದಾಗುತ್ತದೆ. ಯಜಮಾನನಿಲ್ಲದ ಮನೆಯಲ್ಲಿ ಹಿರಿಯ ಮಗ ಸಂಸಾರದ ಭಾರ ಹೊತ್ತಂತೆ. ಕೆಲವೊಮ್ಮೆ ಎರಡೂ ಪದಗಳು ಬೆಸೆದು ಒಂದಾಗುವುದುಂಟು. ಹಿರಿದಾದ ಮರ ಹೆಮ್ಮರವಾಗುತ್ತದೆ, ಕೆಂಪಾದ ತಾವರೆ ಕೆಂದಾವರೆಯಾಗುತ್ತದೆ. ಇಂಥ ಬೆಸುಗೆಗಳ ವಿಚಾರಕ್ಕೆ 13ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದವು ಧಾತುವಿನಿಂದ ಹುಟ್ಟಿದ ವಿಶೇಷಣಗಳು, ಎಂದರೆ ಕೃದಂತಗಳು. ಬರೆದ ಕವಿ, ಬರೆದ ಪದ್ಯ, ಬರೆದ ಲೇಖನಿ, ಬರೆದ ಕೋಣೆ: ಬರೆದವನು, ಬರೆದದ್ದು, ಬರೆದ ಸಾಧನ, ಬರೆದ ಸ್ಥಳ, ಇಷ್ಟಕ್ಕೂ ‘ಬರೆದ’ ಎಂಬ ಒಂದೇ ರೂಪ ಸಾಕು. ಈ ಮಿತವ್ಯಯದಲ್ಲಿ ಅಪಾಯವೂ ಇದೆ. ‘ಹುಲಿ ಕೊಂದ ಬೇಟೆಗಾರ’ ಎಂದರೆ ಸತ್ತವರು ಯಾರು? ಹುಲಿಯೋ, ಬೇಟೆಗಾರನೋ? ‘ಹುಲಿಯನ್ನು’ ಎಂದು ದ್ವಿತೀಯಾ ವಿಭಕ್ತಿಯನ್ನು ಸೇರಿಸಿದರೆ ಬೇಟೆಗಾರ ಬದುಕಿಕೊಳ್ಳುತ್ತಾನೆ. ಇಂಥ ಸಂದೇಹಗಳನ್ನು ಹುಡುಕಿ ತಿದ್ದುವುದೇ ಅಧ್ಯಾಪಕನ ಧರ್ಮವೆಂದು ನಾನು ತಿಳಿದಿದ್ದೆ.

ಕೃದಂತಗಳಿಗೆ ಕಾಲಭೇದವುಂಟು. ಬಂದ ಎಂದರೆ ಭೂತ. ಬರುವ ಎಂದರೆ ವರ್ತಮಾನ ಅಥವಾ ಭವಿಷ್ಯತ್ತು. ಆದರೆ ‘ಬಾರದ’ ಎಂಬ ನಿಷೇಧರೂಪಕ್ಕೆ ಈ ಭೇದವಿಲ್ಲ. ನಿನ್ನೆ ಬಾರದ ಮಳೆ, ಇಂದು ಬಾರದ ಮಳೆ, ಎಂದೆಂದೂ ಬಾರದ ಮಳೆ, ಮೂರಕ್ಕೂ ಒಂದೇ ಪದ.

ಕೆಲವು ವರ್ಷಗಳ ಹಿಂದೆ ಪ್ರಬಂಧದ ಪುಸ್ತಕಗಳನ್ನು ತಿದ್ದುತ್ತಿದ್ದೆ. ‘ನಮ್ಮ ಮನೆ’ ಎಂಬ ವಿಷಯ. ಒಬ್ಬ ವಿದ್ಯಾರ್ಥಿನಿ ತನ್ನದನ್ನು ‘ಅಪ್ಪ ಬಾರದ ಮನೆ’ ಎಂದು ವರ್ಣಿಸಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೆರೆಯೆಳೆದು, ‘ಕಾಲ ಸ್ಪಷ್ಟವಿಲ್ಲ. ಇನ್ನೂ ಬಾರದ ಎಂದೋ, ಇನ್ನು ಬಾರದ ಎಂದೋ ಬರೆಯತಕ್ಕದ್ದು’ ಎಂದು ಟಿಪ್ಪಣಿ ಹಾಕಿದೆ.

ಮರುದಿನ ಹುಡುಗಿ ಪುಸ್ತಕ ಹಿಡಿದು ಬಂದಳು. “ಸರ್, ಎರಡರಲ್ಲಿ ಯಾವುದು ಬರೀಲಿ? ಅಪ್ಪ ಕೆಲಸಕ್ಕಂತ ಮುಂಬಯಿಗೆ ಹೋಗಿ ಆರು ವರ್ಷ ಆಯ್ತು. ಅವ್ವ ಒಂದು ಹೇಳ್ತಾಳೆ, ಊರವರು ಇನ್ನೊಂದು ಹೇಳ್ತಾರೆ.”

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಉತ್ತರ ನನಗೆ ತಿಳಿದಿರಬಹುದೆಂದು ಕೇಳುತ್ತಿದ್ದಳು, ಅಷ್ಟೆ. ಬರೆದಂತೆಯೇ ಇರಲಿ ಎಂದು ಹೇಳಿ, ಅವಳ ಪದವನ್ನು ಉಳಿಸಿ ನನ್ನ ಟಿಪ್ಪಣಿಯನ್ನು ಹೊಡೆದುಹಾಕಿದೆ.

ಹುಲಿ ಬೇಟೆಗಾರರ ಸಂದೇಹ ಬರೆದವನ ಅಜಾಗರೂಕತೆಯಿಂದ ಹುಟ್ಟಿದ್ದು, ಅದನ್ನು ತಿದ್ದಬೇಕು. ಈ ಹುಡುಗಿಯ ಸಂದೇಹ ಬದುಕಿನಲ್ಲಿಯೇ ಇದ್ದದ್ದು. ಭಾಷೆ ಅದನ್ನು ಇದ್ದಂತೆ ಹೇಳಿತ್ತು. ಕಾಲವನ್ನು ಹೇಳದ ಆ ಒಂದು ರೂಪ ಕನ್ನಡದಲ್ಲಿ ಇಲ್ಲದಿದ್ದರೆ, ಆ ತಾಯಿಯ ನಿರೀಕ್ಷೆಯನ್ನಾಗಲಿ ಊರವರ ತೀರ್ಪನ್ನಾಗಲಿ ಅವಳು ಆರಿಸಿಕೊಳ್ಳಲೇಬೇಕಾಗುತ್ತಿತ್ತು. ಈಗ ನಿಷೇಧ ಕೃದಂತದ ಪಾಠ ಮಾಡುವಾಗ ‘ಇದಕ್ಕೆ ಕಾಲಭೇದವಿಲ್ಲ’ ಎಂಬ ಮಾತನ್ನು ನಾನು ಕೊರತೆಯೆಂಬಂತೆ ಹೇಳುವುದಿಲ್ಲ.